ಗೋದಲಿಯ ಋಣ



ಈ ಪುಟದಲ್ಲಿ ಜಾತ್ರೆ, ಪುರಾಣ, ದಾಸೋಹಗಳ ವರದಿಯನ್ನೂ ಜಮಾ-ಖರ್ಚಿನ ವಿವರವನ್ನೂ ಬರೆಯುವುದು ನಮ್ಮ ವಾಡಿಕೆ. ಈ ಸಲ ಜಮಾ-ಖರ್ಚಿನ ಪುಸ್ತಕದಲ್ಲೇ ಎದುರಾದ ಒಂದು ಧರ್ಮಸಂಕಟವನ್ನು ತಮ್ಮೆಲ್ಲರ ಮುಂದೆ ಇಡುತ್ತಿದ್ದೇವೆ. ಅದು ದನಕರುಗಳ ಮೇವಿಗೆ ಸಂಬಂಧಿಸಿದ್ದು. ಹೊಟ್ಟು-ಕಣಿಕಿಯ ಮಾತಿನಲ್ಲಿ ಧರ್ಮದ ಮಾತೇನಿದೆ ಎಂದು ಕೆಲವರಿಗೆ ಅನಿಸಬಹುದು. ನಮಗೂ ಮೊದಲು ಹಾಗೆಯೇ ಅನಿಸಿತ್ತು.

ಕಳೆದ ವರ್ಷ ಜತ್ತ ತಾಲೂಕಿನ ದರಿಬಡಚಿಯಲ್ಲಿ ಪುರಾಣ ಮಂಗಲದ ದಾಸೋಹ ನಡೆಯಿತು. ಗೋದಿ ಹುಗ್ಗಿ, ಅನ್ನ, ಸಾರು. ಸುತ್ತಲಿನ ಊರುಗಳ ಭಕ್ತರು ಬರುವರೆಂದು ಅಂದಾಜು ಮಾಡಿ ಅಡಿಗೆ ಮಾಡಿಸಿದ್ದೆವು. ಅಂದು ಸಂಜೆ ಗಾಳಿ-ಮಳೆಯಾಗಿ ಬರಬೇಕಾದವರು ಬರಲಿಲ್ಲ. ಎರಡು ಕೊಪ್ಪರಿಗೆ ಅನ್ನ, ಅರ್ಧ ಕೊಪ್ಪರಿಗೆ ಹುಗ್ಗಿ ಉಳಿಯಿತು. ಅನ್ನ ಚೆಲ್ಲುವುದು ಪಾಪ. ಸೇವೆಗೆ ನಿಂತ ಹುಡುಗರು ಏನು ಮಾಡಬೇಕೆಂದು ಕೇಳಿದಾಗ, "ಸುತ್ತಮುತ್ತಲ ಮನಿ ದನಕ್ಕ ಹಾಕ್ರಿ, ಪುಣ್ಯೇನೂ ಬರತೈತಿ" ಎಂದು ಹೇಳಿದವರು ನಾವೇ. ಹುಡುಗರು ಬಕೆಟ್ಟುಗಳಲ್ಲಿ ಒಯ್ದು ಮನೆಮನೆಯ ಗೋದಲಿಗೆ ಸುರಿದು ಬಂದರು.

ಮಠದ ಹಿಂದಿನ ಓಣಿಯಲ್ಲಿ ಒಬ್ಬ ಆಯಿ ಇದ್ದಾರೆ. ಒಂಟಿ ಜೀವ. ಒಂದು ಹಾಲು ಕೊಡುವ ಹಸುವೇ ಅವರ ಆಸ್ತಿ. ಆ ಹಸು ರಾತ್ರಿಯಿಡೀ ಅನ್ನ-ಹುಗ್ಗಿ ತಿಂದಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೆಲುಕು ಹಾಕುವುದನ್ನು ನಿಲ್ಲಿಸಿತು. ಸಂಜೆಗೆ ನೀರಿನಂತೆ ಸಗಣಿ ಹಾಕಿ ನೆಲ ಹಿಡಿಯಿತು. ಡಾಕ್ಟರು ಬಂದು ಸಲಾಯಿನ್ ಹಚ್ಚಿದರು, ತಿಳಿದದ್ದನ್ನೆಲ್ಲ ಮಾಡಿದರು. ಮೂರನೆಯ ದಿನ ಬೆಳಗಾಗುವುದರೊಳಗೆ ಹಸು ತೀರಿಕೊಂಡಿತು.

ಸುದ್ದಿ ಕೇಳಿ ನಾವು ತಲೆ ತಗ್ಗಿಸಿಕೊಂಡು ಹೋದೆವು. ಬೈದರೆ ಬೈಸಿಕೊಳ್ಳಬೇಕೆಂದು ಹೋಗಿದ್ದೆವು. ಆದರೆ ಆಯಿ ನಮ್ಮನ್ನೇ ಸಮಾಧಾನ ಮಾಡಿದರು. "ಪ್ರಸಾದ ಉಂಡು ಹೋಗೇತ್ರಿ ಯಪ್ಪಾ, ಅದರ ಪುಣ್ಯಾ ದೊಡ್ಡದು. ನೀವ್ಯಾಕ ಮನಸಿಗೆ ಹಚಗೋತೀರಿ?" ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಅವರ ಭಕ್ತಿ ದೊಡ್ಡದು. ಅದರ ಮರೆಯಲ್ಲಿ ನಮ್ಮ ತಪ್ಪನ್ನು ಬಚ್ಚಿಡುವುದು ಸಣ್ಣತನ.

ಹಸು ಏಕೆ ಸತ್ತಿತು? ಡಾಕ್ಟರು ತಿಳಿಸಿ ಹೇಳಿದ್ದನ್ನು ಇಲ್ಲಿ ಬರೆಯುತ್ತೇವೆ, ಏಕೆಂದರೆ ಇದು ಪ್ರತಿ ವರ್ಷ ಜಾತ್ರೆ-ಮದುವೆಗಳ ಮರುದಿನ ಯಾವುದಾದರೂ ಊರಲ್ಲಿ ನಡೆಯುವ ಸಂಗತಿ. ಮೆಲುಕು ಹಾಕುವ ದನಕ್ಕೆ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ಮೊದಲನೆಯ ದೊಡ್ಡ ಕೋಣೆಯಲ್ಲಿ, ಬೆಳೆದ ಹಸುವಾದರೆ, ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ. ಅಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ವಾಸವಾಗಿದ್ದು, ನಾವು ಜೀರ್ಣಿಸಿಕೊಳ್ಳಲಾರದ ಕಣಿಕಿ, ಹುಲ್ಲು, ಹೊಟ್ಟುಗಳನ್ನು ನಿಧಾನವಾಗಿ ಕೊಳೆಸಿ ಆಹಾರ ಮಾಡುತ್ತವೆ. ದನ ತಿನ್ನುವುದು ತನಗಾಗಿ ಮಾತ್ರವಲ್ಲ, ತನ್ನೊಳಗಿನ ಆ ಜೀವಿಗಳಿಗಾಗಿಯೂ ತಿನ್ನುತ್ತದೆ. ಬೇಯಿಸಿದ ಅನ್ನ, ಹುಗ್ಗಿ, ಹೋಳಿಗೆ, ಹಿಟ್ಟು ಒಮ್ಮೆಲೇ ಹೆಚ್ಚಾಗಿ ಬಿದ್ದಾಗ ಅದು ಬಹು ಬೇಗ ಹುಳಿಯಾಗುತ್ತದೆ. ಹುಳಿ ಹೆಚ್ಚಾದಂತೆ ಒಳ್ಳೆಯ ಜೀವಿಗಳು ಸಾಯುತ್ತವೆ, ಹುಳಿ ಮಾಡುವವು ಇನ್ನೂ ಬೆಳೆಯುತ್ತವೆ. ಮೈಯೊಳಗಿನ ನೀರೆಲ್ಲ ಹೊಟ್ಟೆಗೆ ಇಳಿದು ರಕ್ತ ಗಟ್ಟಿಯಾಗುತ್ತದೆ. ಹೊರಗಿನಿಂದ ನೋಡಿದರೆ ತುಂಬಿದ ಹೊಟ್ಟೆ, ಒಳಗೆ ವಿಷ.

ಹಾಗಾದರೆ ಪ್ರಸಾದವೇ ವಿಷವಾಯಿತೇ ಎಂದು ಒಬ್ಬ ಹಿರಿಯ ಭಕ್ತರು ಬೇಸರದಿಂದ ಕೇಳಿದರು. ಪ್ರಸಾದವನ್ನು ದೂಷಿಸುವ ಅಧಿಕಾರ ನಮಗಿಲ್ಲ. ಆದರೆ ಪ್ರಸಾದ ಎಂಬುದು ಬೇಡಿ, ಕೈಯೊಡ್ಡಿ, ಬೇಕಾದಷ್ಟನ್ನು ಮಾತ್ರ ಸ್ವೀಕರಿಸುವ ವಸ್ತು. ಆ ಹಸು ಬೇಡಿರಲಿಲ್ಲ. ನಾವು ಅದರ ಮುಂದೆ ಸುರಿದದ್ದು ನಮ್ಮ ಉಳಿಕೆಯನ್ನು. ಚೆಲ್ಲಿದ ಪಾಪ ನಮಗೆ ತಟ್ಟದಿರಲೆಂದು ಆ ಪಾಪವನ್ನು ಅದರ ಹೊಟ್ಟೆಗೆ ಹಾಕಿದೆವು. ಉಣಿಸುವಾಗ ನಮ್ಮ ಕಣ್ಣು ಉಣ್ಣುವವರ ಹೊಟ್ಟೆಯ ಮೇಲಿರಲಿಲ್ಲ, ನಮ್ಮ ಪುಣ್ಯದ ಮೇಲಿತ್ತು. ದಾಸೋಹಕ್ಕೂ ಬರಿ ಅನ್ನ ಹಾಕುವುದಕ್ಕೂ ಇರುವ ಅಂತರ ಇದೇ ಎಂದು ನಮಗೆ ಈಗ ತೋರುತ್ತದೆ. ಉಣ್ಣುವವರನ್ನು ಅರಿಯದೆ ಉಣಿಸಿದರೆ ಅದು ಸೇವೆಯಾಗುವುದಿಲ್ಲ.

ಪೂಜ್ಯರು ಆಯಿಯ ಮನೆಗೆ ಮಠದಿಂದ ಒಂದು ಗಬ್ಬದ ಹಸು ಕೊಡಿಸಲು ಅಪ್ಪಣೆ ಮಾಡಿದರು. ಕೊಡಿಸಿದೆವು. ರಾತ್ರಿ ಲೆಕ್ಕ ಬರೆಯಲು ಕುಳಿತಾಗ ಪೆನ್ನು ನಿಂತಿತು. ಈ ಹಣವನ್ನು ಯಾವ ಖಾತೆಗೆ ಬರೆಯಬೇಕು? ಬಿ.ಕಾಂ. ಓದಿದ ನಮಗೆ ಖಾತೆ ತಿಳಿಯದ ಖರ್ಚು ಇರಬಾರದು. ರೂಢಿಯಂತೆ 'ದಾನಧರ್ಮ' ಎಂದು ಬರೆದು, ಮರುದಿನ ಪೂಜ್ಯರಿಗೆ ತೋರಿಸಿದೆವು. ಅವರು ಓದಿ, "ದಾನ ಅಂತ ಬರೀಬ್ಯಾಡ್ರಿ. ಅಕಿಗೆ ಕೊಡಬೇಕಾದ್ದ ಕೊಟ್ಟೀವಿ, ಅಷ್ಟ ಬರೀರಿ" ಎಂದರು. ನಾವು ಹೊಡೆದುಹಾಕಿ 'ಸಾಲ ಮುಟ್ಟಿಸಿದ್ದು' ಎಂದು ಬರೆದೆವು. ಆ ಒಂದು ತಿದ್ದುಪಡಿಯೇ ಈ ಲೇಖನಕ್ಕೆ ಮೂಲ.

ಗೋದಲಿಗೆ ನಾವು ಹಾಕುವುದು ದಾನವೋ ಸಾಲವೋ? ದನಕ್ಕೆ ಮೇವು ಹಾಕಿ 'ಸಾಕುತ್ತಿದ್ದೇವೆ' ಎನ್ನುತ್ತೇವೆ. ಸಾಕುವವರು ನಾವು, ಸಾಕಿಸಿಕೊಳ್ಳುವವು ಅವು ಎಂಬ ಭಾವನೆ. ಲೆಕ್ಕ ತೆಗೆದು ನೋಡಿದರೆ ಬೇರೆಯೇ ಕಾಣುತ್ತದೆ. ಕರು ಹಾಕಿದ ಹಸುವಿಗೆ ಸಾಕಷ್ಟು ಮೇವು, ಹಿಂಡಿ ಸಿಗದಿದ್ದರೂ ಅದು ಹಾಲನ್ನು ತಕ್ಷಣ ನಿಲ್ಲಿಸುವುದಿಲ್ಲ. ಮೈಯ ಕೊಬ್ಬು ಕರಗಿಸಿ, ಎಲುಬಿನ ಸುಣ್ಣ ತೆಗೆದು ಕೆಚ್ಚಲಿಗೆ ಇಳಿಸುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಒಮ್ಮೆಲೇ ಇಳಿದಾಗಲೇ ಈದ ಹೊಸದರಲ್ಲಿ ಒಳ್ಳೆಯ ಹಸುಗಳು ನೆಲ ಹಿಡಿಯುವುದು. ಕೋಳಿ ಸಾಕುವುದು ನಮ್ಮ ಮನೆಗಳ ಮಾತಲ್ಲ ಎನ್ನಬಹುದು, ಆದರೆ ಸೀಮೆಯಲ್ಲಿ ಅದರಿಂದ ಬದುಕುವ ಮನೆಗಳು ಬಹಳ. ಒಂದು ಮೊಟ್ಟೆಯ ಕವಚದಲ್ಲಿ ಸುಮಾರು 2 ಗ್ರಾಂ ಸುಣ್ಣಾಂಶ ಇರುತ್ತದೆ. ಕಾಳಿನ ಜೊತೆ ಸಿಂಪಿನ ಪುಡಿಯನ್ನೋ ಸುಣ್ಣಕಲ್ಲಿನ ಪುಡಿಯನ್ನೋ ಹಾಕದಿದ್ದರೆ ಆ ಹೇಂಟೆ ತನ್ನ ಎಲುಬನ್ನೇ ಸವೆಸಿ ಕವಚ ಕಟ್ಟುತ್ತದೆ. ನಾವು ಕಡಿಮೆ ಹಾಕಿದ್ದು ಅಂದೇ ನಮಗೆ ಕಾಣುವುದಿಲ್ಲ. ಆ ಮೂಕಜೀವಿಯ ಎಲುಬಿನಲ್ಲಿ ಬಾಕಿಯಾಗಿ ಜಮೆಯಾಗುತ್ತ ಹೋಗುತ್ತದೆ. ಸಾಲಗಾರ ಕೇಳುವುದಿಲ್ಲ ಎಂದ ಮಾತ್ರಕ್ಕೆ ಸಾಲ ಇಲ್ಲವೆಂದಲ್ಲ.

ಕಾಲೇಜಿನಲ್ಲಿ ನಮಗೆ ಸವಕಳಿಯ ಪಾಠ ಹೇಳಿಕೊಟ್ಟಿದ್ದರು. ಯಂತ್ರ ತಂದ ಬೆಲೆಯಲ್ಲಿ ವರ್ಷ ವರ್ಷ ಇಷ್ಟು ಕಳೆಯುತ್ತ ಬಂದು ಕೊನೆಗೆ ಗುಜರಿ ಬೆಲೆ ಉಳಿಸುವುದು. ಎತ್ತನ್ನು ಹಾಗೆಯೇ ಕಾಣುವುದು ಇಂದಿನ ರೂಢಿ. ಯಂತ್ರ ಸವೆದಾಗ ಯಾರಿಗೂ ನೋವಿಲ್ಲ. ಎತ್ತು ಸವೆಯುವುದು ನಮಗಾಗಿ, ಮತ್ತು ಸವೆದ ಮೇಲೂ ಅದಕ್ಕೆ ಹಸಿವಿದೆ. ಆ ಪಾಠ ಎತ್ತಿಗೆ ಹೊಂದದಿರುವುದು ಅಲ್ಲಿಯೇ.

ಇದನ್ನು ಹೇಳುವುದು ಸುಲಭ. ಬರದ ನಾಡಿನಲ್ಲಿ ನಡೆಸುವುದು ಹೇಗೆ? ಈ ವರ್ಷ ಮಾಘದ ಕೊನೆಗೆ ದರಿಬಡಚಿಯಿಂದಲೇ ಒಬ್ಬ ರೈತರು ಮುದಿ ಖಿಲ್ಲಾರ ಎತ್ತೊಂದನ್ನು ಹೊಡೆದುಕೊಂಡು ಮಠಕ್ಕೆ ಬಂದರು. "ಸಾಹೇಬರ, ಇದನ ಮಠಕ್ಕ ಬಿಡ್ತೀನ್ರಿ. ಇದರ ಜೋಡಿ ಹ್ವಾದ ವರ್ಷ ಹೋತು. ಮನ್ಯಾಗ ಕಟ್ಟಿ ಉಪಾಸ ಕೊಲ್ಲೂದಕ್ಕಿಂತ ದೇವರ ಎತ್ತಾಗಿ ಬದಕಲಿ" ಎಂದರು. ಕಣ್ಣಲ್ಲಿ ನೀರಿತ್ತು. ಅವರನ್ನು ಕಲ್ಲು ಮನಸ್ಸಿನವರೆನ್ನಲು ಯಾರಿಗೂ ಬಾಯಿ ಬಾರದು.

ಜತ್ತ ಸೀಮೆ ಮಳೆಯ ನೆರಳಿನ ಸೀಮೆ. ಹಿಂಗಾರಿ ಜೋಳವೇ ಇಲ್ಲಿ ಮನುಷ್ಯರಿಗೆ ರೊಟ್ಟಿ, ದನಕ್ಕೆ ಕಣಿಕಿ. ಮಾಲದಂಡಿ ಜೋಳವನ್ನು ನಮ್ಮ ಹಿರಿಯರು ಪ್ರೀತಿಸಿದ್ದು ತೆನೆಗಾಗಿ ಎಷ್ಟೋ, ಅದರ ಎತ್ತರದ ದಂಟಿಗಾಗಿಯೂ ಅಷ್ಟೇ. ಹಿಂಗಾರಿ ಕೈಕೊಟ್ಟರೆ ಎರಡೂ ಇಲ್ಲ. 1972ರ ಬರವನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. 2012-13ರಲ್ಲಿ ಮತ್ತು 2018-19ರಲ್ಲಿ ಸಾಂಗಲಿ ಜಿಲ್ಲೆಯ ಬರಪೀಡಿತ ತಾಲೂಕುಗಳ ರೈತರು ಚಾರಾ ಛಾವಣಿಗಳಲ್ಲಿ ದನಗಳೊಡನೆ ತಾವೂ ವಾಸ ಮಾಡಿದ್ದನ್ನು ನಾವೇ ಕಂಡಿದ್ದೇವೆ. ತಮ್ಮ ಮನೆ ಬಿಟ್ಟು, ದನದ ಪಕ್ಕದಲ್ಲಿ ತಾಡಪತ್ರಿಯ ಕೆಳಗೆ ಮಲಗಿದ ಆ ಜನಕ್ಕೆ ದಯೆಯ ಉಪದೇಶ ಮಾಡುವ ಅಗತ್ಯ ಇಲ್ಲ.

ನಾವು ಆ ರೈತರನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕೊಟ್ಟು, ಕಾಗದ ತೆಗೆದುಕೊಂಡೆವು. ಮನೆಯಲ್ಲಿ ಈ ಎತ್ತು, ಒಂದು ಹಾಲಿನ ಹಸು, ಒಂದು ಕಡಸು. ಫೆಬ್ರುವರಿಯಿಂದ ಜೂನ್ ಕೊನೆಯವರೆಗೆ 150 ದಿನ ದಾಟಬೇಕು. ಅವರು ಹಾಕುವ ರೀತಿಯಲ್ಲಿ ಹಸುವಿಗೆ ದಿನಕ್ಕೆ 8 ಕಿಲೋ, ಎತ್ತಿಗೆ 6, ಕಡಸಿಗೆ 4. ಒಟ್ಟು 18 ಕಿಲೋ ಕಣಿಕಿ. 150 ದಿನಕ್ಕೆ 2700 ಕಿಲೋ. ಬಣವಿಯಲ್ಲಿ ಇರುವುದು ಸುಮಾರು 2000. ಕೊರತೆ 700. ಎತ್ತಿನ ಪಾಲು 900. ಎತ್ತನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಆ ರೈತರು ಓದಿದವರಲ್ಲ, ಆದರೆ ಇದೇ ಲೆಕ್ಕವನ್ನು ಮನಸ್ಸಿನಲ್ಲಿ ಮಾಡಿಕೊಂಡೇ ಬಂದಿದ್ದರು.

ಆಮೇಲೆ ಅವರ ಮನೆಗೆ ಹೋಗಿ ನೋಡಿದೆವು. ಕಣಿಕಿ ಸೂಡನ್ನು ಇಡಿಯಾಗಿ ಬಿಚ್ಚಿ ನೆಲದ ಮೇಲೆ ಹಾಕುತ್ತಿದ್ದರು. ದನ ಎಲೆ ತಿಂದು, ದಪ್ಪ ದಂಟು ಬಿಟ್ಟು, ಅದರ ಮೇಲೆಯೇ ಸಗಣಿ ಹಾಕಿ ತುಳಿಯುತ್ತಿದ್ದವು. ಎರಡು ದಿನ ತೂಗಿ ನೋಡಿದರೆ ಹಾಕಿದ ನಾಲ್ಕು ಪಾಲಿನಲ್ಲಿ ಒಂದು ಪಾಲು ತಿಪ್ಪೆಗೆ ಹೋಗುತ್ತಿತ್ತು. 2700ರಲ್ಲಿ ಕಾಲು ಭಾಗ ಕಳೆದರೆ 2025. ಬಣವಿಯಲ್ಲಿರುವುದಕ್ಕಿಂತ 25 ಕಿಲೋ ಮಾತ್ರ ಹೆಚ್ಚು. ಮುದಿ ಎತ್ತಿನ ಪಾಲು ಎಲ್ಲಿಯೂ ಕಳೆದುಹೋಗಿರಲಿಲ್ಲ, ಕಾಲಕೆಳಗೆ ಬಿದ್ದಿತ್ತು. ನೆರೆಮನೆಯ ಕಟಾವು ಯಂತ್ರದಲ್ಲಿ ಕಣಿಕಿ ಕತ್ತರಿಸಿ, ಗೋದಲಿಯಲ್ಲಿ ಹಾಕುವ ವ್ಯವಸ್ಥೆಯಾಯಿತು. ಎತ್ತು ಮನೆಗೆ ಮರಳಿತು. ನಾವು ಅದನ್ನು ಮಠಕ್ಕೆ ಬಿಡಿಸಿಕೊಂಡಿದ್ದರೆ ಮಠಕ್ಕೆ ಹೆಸರು ಬರುತ್ತಿತ್ತು, ಆ ಎತ್ತಿಗೆ ಪರಿಚಯವಿಲ್ಲದ ಕಂಬ ಸಿಗುತ್ತಿತ್ತು.

ಇದನ್ನು ಓದಿ, ಎಲ್ಲ ಮನೆಗಳ ಕೊರತೆಯೂ ಹೀಗೆ ನೀಗುತ್ತದೆಂದು ಯಾರೂ ತಿಳಿಯಬಾರದು. ಬಣವಿಯಲ್ಲಿ 2000 ಬದಲು 1000 ಕಿಲೋ ಇದ್ದಿದ್ದರೆ? ಆಗ ಯಾರ ಪಾಲನ್ನು ಕಡಿಮೆ ಮಾಡಬೇಕು? ಹಾಲು ಕೊಡುವ ಹಸುವಿಗೆ ಹಾಕಿದರೆ ಮಕ್ಕಳ ಶಾಲೆಯ ಖರ್ಚು ನಡೆಯುತ್ತದೆ. ಎತ್ತಿಗೆ ಹಾಕಿದರೆ ಎತ್ತು ಬದುಕುತ್ತದೆ, ಅಷ್ಟೇ. ಇದು ಸುಳ್ಳು ಪ್ರಶ್ನೆಯಲ್ಲ. ಕಾನೂನು ಇದಕ್ಕೆ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಮಹಾರಾಷ್ಟ್ರದಲ್ಲಿ 1976ರ ಕಾಯ್ದೆಯಲ್ಲಿ ಹಸುವಿನ ವಧೆ ನಿಷೇಧವಾಯಿತು, 2015ರಲ್ಲಿ ಎತ್ತು-ಹೋರಿಗಳೂ ಅದರಲ್ಲಿ ಸೇರಿದವು. ಸಾಕಿದ ಪ್ರಾಣಿಗೆ ಮೇವು ನೀರು ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಕೊಲ್ಲಬಾರದು, ಉಪವಾಸ ಕೆಡವಬಾರದು ಎಂಬುದು ನಮಗೂ ಸಮ್ಮತವೇ. ಆದರೆ ಆ ಮೇವು ಎಲ್ಲಿಂದ ಬರಬೇಕು ಎಂಬ ಭಾರ ಕೊನೆಗೆ ಬೀಳುವುದು ಎರಡೆಕರೆ ಒಣಬೇಸಾಯದವನ ಹೆಗಲಿಗೆ. ಊರೆಲ್ಲ ಸೇರಿ ಒಪ್ಪಿಕೊಂಡ ಧರ್ಮದ ಖರ್ಚನ್ನು ಒಬ್ಬನೇ ಭರಿಸುವುದು ನ್ಯಾಯವಲ್ಲ.

ನಮ್ಮ ದಾಸೋಹದ ಪಂಕ್ತಿಯನ್ನು ನೆನೆಸಿಕೊಳ್ಳೋಣ. ಅಲ್ಲಿ ಭೇದವಿಲ್ಲ. ಹಾಗೆಂದು ಎಳೆಗೂಸಿಗೂ ಪೈಲವಾನನಿಗೂ ಸಮನಾಗಿ ಬಡಿಸುವುದಿಲ್ಲ. ಅವರವರ ಹೊಟ್ಟೆಗೆ ತಕ್ಕಷ್ಟು ಬಡಿಸುವುದೇ ಸಮತೆ. ಪಶುವೈದ್ಯರೂ ದನದ ಆಹಾರವನ್ನು ಎರಡಾಗಿ ವಿಂಗಡಿಸುತ್ತಾರೆ. ಒಂದು, ಜೀವ ಹಿಡಿದಿರಲು ಬೇಕಾದ ಪಾಲು. ಇನ್ನೊಂದು, ಹಾಲು, ಗರ್ಭ, ದುಡಿಮೆಗಾಗಿ ಮೇಲೆ ಹಾಕುವ ಪಾಲು. ಹಾಲಿನ ಹಸುವಿಗೆ ಮೈ ರಕ್ಷಣೆಗೆಂದು ಒಂದು-ಒಂದೂವರೆ ಕಿಲೋ ಹಿಂಡಿ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂಬ ಲೆಕ್ಕ ಬಂದದ್ದು ಹೀಗೆ. ಇದರಿಂದ ನಮಗೆ ಒಂದು ನಿಯಮ ತೋಚುತ್ತದೆ: ಒಂದು ಪ್ರಾಣಿಯ ಜೀವದ ಪಾಲನ್ನು ಕಸಿದು ಇನ್ನೊಂದರ ದುಡಿಮೆಯ ಪಾಲಿಗೆ ಹಾಕಬಾರದು. ಹಸು ಎರಡು ಲೀಟರ್ ಹಾಲು ಕಡಿಮೆ ಕೊಟ್ಟರೆ ನಡೆದೀತು, ಎತ್ತು ಹಸಿದು ಸಾಯಬಾರದು. ಜೀವದ ಪಾಲು ಎಲ್ಲಕ್ಕೂ ಮುಟ್ಟಿದ ಮೇಲೆ ಉಳಿದದ್ದು ಗಬ್ಬದ ಹಸುವಿಗೆ, ಕರುವಿಗೆ, ಆಮೇಲೆ ಹಾಲಿನದಕ್ಕೆ.

ಜೀವದ ಪಾಲಿಗೇ ಮೇವು ಸಾಲದಿದ್ದರೆ? ಆಗ ಅದು ಆ ಮನೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಊರಿನ ಪ್ರಶ್ನೆ, ಮಠದ ಪ್ರಶ್ನೆ. ಸರಕಾರದ ಛಾವಣಿ ಬರುವುದು ಬರ ಘೋಷಣೆಯಾದ ಮೇಲೆ. ಹಸಿವು ಅದಕ್ಕೂ ಮೊದಲೇ ಬರುತ್ತದೆ.

ನಮ್ಮ ಪರಂಪರೆಗೆ ಇದು ಹೊಸದಲ್ಲ. ಹನ್ನೆರಡನೆಯ ಶತಮಾನದ ತುರುಗಾಹಿ ರಾಮಣ್ಣನವರ ಕಾಯಕ ದನ ಕಾಯುವುದು. ವೀರ ಗೊಲ್ಲಾಳರು ಕುರಿ ಕಾಯುತ್ತಲೇ ಶರಣರಾದವರು. ನಮ್ಮ ಜತ್ತ ತಾಲೂಕಿನ ಗುಡ್ಡಾಪುರದ ತಾಯಿಗೆ ದಾನಮ್ಮ ಎಂಬ ಹೆಸರು ಬಂದದ್ದೇ ಕೊಡುವ ಕೈಯಿಂದ. ದನ ಕಾಯುವುದು ಕಾಯಕವಾದರೆ, ದನಕ್ಕೆ ತಕ್ಕ ಮೇವನ್ನು ತಿಳಿದು ಹಾಕುವುದೂ ಕಾಯಕದ ಭಾಗವೇ. ತಿಳಿವಳಿಕೆಯಿಲ್ಲದ ಕಾಯಕ ಅರ್ಧ ಕಾಯಕ.

ಪೂಜ್ಯರ ಅಪ್ಪಣೆಯಂತೆ ಕೆಲವು ಮಾತುಗಳನ್ನು ವಿನಂತಿಸಿಕೊಳ್ಳುತ್ತೇವೆ. ಕಾರಹುಣ್ಣಿವೆಯ ದಿನ, ಬೇಂದೂರದ ದಿನ ಎತ್ತಿಗೆ ಹೋಳಿಗೆ ತಿನಿಸುವ ಸಂಪ್ರದಾಯ ನಡೆಯಲಿ, ಆದರೆ ಒಂದೆರಡು ತುತ್ತಿಗೆ ಮಾತ್ರ. ಜಾತ್ರೆ, ಮದುವೆ, ದಾಸೋಹದಲ್ಲಿ ಉಳಿದ ಅನ್ನ-ಹುಗ್ಗಿಯನ್ನು ದನದ ಮುಂದೆ ಸುರಿಯಬಾರದು. ಉಳಿಯದಂತೆ ಅಡಿಗೆ ಮಾಡಿಸುವ ಹೊಣೆ ಇನ್ನು ಮೇಲೆ ನಮ್ಮದು. ದನ ಅಕಸ್ಮಾತ್ ತಿಂದರೆ ಮೆಲುಕು ನಿಲ್ಲುವವರೆಗೆ ಕಾಯದೆ ಕೂಡಲೇ ಡಾಕ್ಟರನ್ನು ಕರೆಸಬೇಕು. ಮಳೆ ಹೋಗಿ ಬಾಡಿದ ಎಳೆ ಜೋಳವನ್ನೂ, ಕೊಯ್ದ ಕೂಳೆಯಲ್ಲಿ ಒಡೆದ ಚಿಗುರನ್ನೂ ದನ ಮೇಯದಂತೆ ನೋಡಿಕೊಳ್ಳಬೇಕು, ಅದರಲ್ಲಿ ಕೊಲ್ಲುವ ವಿಷವಿರುತ್ತದೆ. ಬರದಲ್ಲಿ ಕಬ್ಬಿನ ತುದಿಯನ್ನೇ ತಿಂಗಳುಗಟ್ಟಲೆ ಹಾಕುವವರು ಖನಿಜ ಮಿಶ್ರಣವನ್ನು ಮರೆಯಬಾರದು, ಏಕೆಂದರೆ ಅದು ಮೈಯೊಳಗಿನ ಸುಣ್ಣಾಂಶವನ್ನು ಕಟ್ಟಿಹಾಕುತ್ತದೆ. ಒಣಮೇವಿಗೆ ಯೂರಿಯಾ ಉಪಚಾರ ಮಾಡುವವರು 100 ಕಿಲೋ ಮೇವಿಗೆ 4 ಕಿಲೋಕ್ಕಿಂತ ಹೆಚ್ಚು ಬಳಸದೆ, ನೀರಿನಲ್ಲಿ ಪೂರ್ತಿ ಕರಗಿಸಿ ಸಿಂಪಡಿಸಿ, 21 ದಿನ ಗಾಳಿಯಾಡದಂತೆ ಮುಚ್ಚಿಟ್ಟು, ಡಾಕ್ಟರ ಸಲಹೆಯಂತೆಯೇ ಹಾಕಬೇಕು. ಎಳೆಗರುಗಳಿಗೆ ಹಾಕಲೇಬಾರದು.

ಕೊನೆಯದಾಗಿ, ಈ ಸುಗ್ಗಿಯಿಂದ ಮಠದ ಹಿತ್ತಲಲ್ಲಿ ಒಂದು ಬಣವಿ ಒಟ್ಟಲಾಗುವುದು. ದರ್ಶನಕ್ಕೆ ಬರುವ ಭಕ್ತರು ಕಾಯಿ-ಕರ್ಪುರದ ಜೊತೆ, ಅನುಕೂಲವಿದ್ದರೆ, ಒಂದು ಸೂಡು ಕಣಿಕಿ ತರಬೇಕೆಂದು ಪ್ರಾರ್ಥನೆ. ಬೇಸಿಗೆಯಲ್ಲಿ ಮೇವು ತೀರಿದ ಮನೆಯವರು, ಜಾತಿ-ಮತ ಯಾವುದೇ ಇರಲಿ, ಸಂಕೋಚವಿಲ್ಲದೆ ಬಂದು ಒಯ್ಯಬಹುದು. ಒಯ್ದವರ ಹೆಸರನ್ನು ಈ ಪತ್ರಿಕೆಯಲ್ಲಿ ಪ್ರಕಟಿಸುವುದಿಲ್ಲ. ತಂದವರ ಹೆಸರನ್ನೂ ಪ್ರಕಟಿಸುವುದಿಲ್ಲ. ಪುಸ್ತಕದಲ್ಲಿ ಇದಕ್ಕಾಗಿ ಬೇರೆ ಪುಟ ತೆರೆದಿದ್ದೇವೆ. ಅದರ ತಲೆಬರಹ ದಾನಧರ್ಮ ಎಂದಲ್ಲ, 'ಗೋದಲಿಯ ಋಣ' ಎಂದು. ಆ ಪುಟದ ಮೊದಲ ಸಾಲಿನಲ್ಲಿ ದರಿಬಡಚಿಯ ಆ ಹಸುವಿನ ಬಾಕಿಯನ್ನು ಬರೆದಿದ್ದೇವೆ. ಆಯಿಗೆ ಬೇರೆ ಹಸು ಸಿಕ್ಕಿದೆ, ಅದು ಈದು ಕರುವೂ ಆಗಿದೆ. ಸತ್ತ ಹಸುವಿಗೆ ನಾವು ಏನೂ ಕೊಟ್ಟಿಲ್ಲ. ಆದ್ದರಿಂದ ಆ ಸಾಲನ್ನು ಹೊಡೆದುಹಾಕದೆ ಹಾಗೆಯೇ ಉಳಿಸಿಕೊಂಡಿದ್ದೇವೆ.